ಮೋಟರಿಗೆ ಬಾರದ ಗೆರೆ

ಒಂಟಿ ಮನುಷ್ಯನಿಗೆ ಒಂದು ಹುಚ್ಚಾದರೂ ಇರಬೇಕು, ಇಲ್ಲದಿದ್ದರೆ ಮನೆ ತಿನ್ನಲು ಬರುತ್ತದೆ ಎನ್ನುತ್ತಾರೆ. ನನಗೆ ಹುಚ್ಚು ಮೊದಲೇ ಇತ್ತು, ಒಂಟಿತನ ಆಮೇಲೆ ಬಂತು. ಕುಕನೂರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ಸಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಕೂತು ಕಟ್ಟಿಗೆ ಕಡೆಯುತ್ತಿದ್ದೆ. ನಮ್ಮದು ಹಳೇ ಪದ್ಧತಿಯ ತಿರುಗಣಿ. ಒಬ್ಬರು ಹಗ್ಗ ಎಳೆದು ಕಟ್ಟಿಗೆ ತಿರುಗಿಸಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು. ಉಳಿ ನನ್ನದು, ಹಗ್ಗ ನನ್ನ ಹೆಂಡತಿ ಶಾಂತವ್ವನದು, ಮಾತು ಪೂರ್ತಿ ಅವಳದೇ. ನೆಗೆಣ್ಣಿ, ಅಂದರೆ ನನ್ನ ತಮ್ಮನ ಹೆಂಡತಿ, ಹೋಳಿಗೆ ಹೂರಣಕ್ಕೆ ಉಪ್ಪು ಸುರಿದಂಥ ಗಟ್ಟಿ ಸುದ್ದಿ ಬಂದಾಗ ಅವಳು ಹಗ್ಗವನ್ನು ಜಗ್ಗಿಬಿಡುತ್ತಿದ್ದಳು. ಉಳಿ ಹಾರಿ ಕಟ್ಟಿಗೆಗೆ ಸೊಟ್ಟ ಕಚ್ಚು ಬೀಳುತ್ತಿತ್ತು. ಆಮೇಲೆ ಹಗ್ಗ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು "ಹೂಂ, ಮುಂದ?" ಅನ್ನುವವರೆಗೆ ಕಟ್ಟಿಗೆ ತಿರುಗುತ್ತಿರಲಿಲ್ಲ.

ಆ ಕಚ್ಚು ಮುಚ್ಚಲು ಕೊಪ್ಪಳದಿಂದ ಎಪಾಕ್ಸಿ ಪುಟ್ಟಿ ತಂದೆ, ನಳದ ಸೋರಿಕೆಗೆ ಮೆತ್ತುವಂಥದ್ದು. ಎರಡು ಉಂಡೆ. ಬೇರೆ ಬೇರೆ ಇಟ್ಟರೆ ಮೆತ್ತಗಿರುತ್ತವೆ, ಕೂಡಿಸಿ ನಾದಿದರೆ ಕಲ್ಲಾಗುತ್ತವೆ. "ನಮ್ಮ ಲಗ್ನದ ಹಂಗ ಐತಿ" ಎಂದಳು ಶಾಂತವ್ವ. ನಾದುವಾಗ ಕಾವಿಯನ್ನೋ ಬಟ್ಟೆಯ ನೀಲಿಯನ್ನೋ ಸೇರಿಸಿ ಕಚ್ಚಿಗೆ ತುಂಬಿ, ಗಟ್ಟಿಯಾದ ಮೇಲೆ ತಿಕ್ಕಿದೆ. ನೋಡಿದವರು "ಏನ್ ಛಲೋ ಕಸೂತಿ ತಗದೀರಿ ಮಾಸ್ತರ" ಎಂದರು. ಹೊಗಳಿಕೆಯನ್ನು ನಾವಿಬ್ಬರೂ ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆವು.

ಶಾಂತವ್ವ ತೀರಿಕೊಂಡ ಮೇಲೆ ತಿರುಗಣಿಗೆ ಮೋಟರು ಕೂಡಿಸಿದೆ. ಪಾಪ, ಆ ಯಂತ್ರಕ್ಕೆ ನೆಗೆಣ್ಣಿ ಇಲ್ಲ. ಒಂದೂ ಕಚ್ಚು ಬೀಳಲಿಲ್ಲ. ಪುಟ್ಟಿಯ ಉಂಡೆಗಳು ಡಬ್ಬಿಯಲ್ಲಿ ಮೆತ್ತಗೇ ಉಳಿದವು.

ಹೀಗಿರುವಾಗ ಪಕ್ಕದ ಮನೆಯ ಗಂಗವ್ವ ಬಂದಳು. ನಾವು ಮಾಡಿಕೊಟ್ಟಿದ್ದ ತೊಟ್ಟಿಲಿನ ಒಂದು ಮೂಲೆಗಂಬ ಮುರಿದಿತ್ತು, ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. "ಉಳಿದ ಮೂರರಂಥಾದ್ದ ಬೇಕ್ರಿ" ಎಂದು ಆ ಮೂರನ್ನೂ ಮುಂದಿಟ್ಟಳು. ಮೋಟರು ಹಚ್ಚಿ, ಬೇಕೆಂದೇ ಉಳಿ ಅಲುಗಿಸಿ, ಕಾವಿ ಬಣ್ಣದ ಪುಟ್ಟಿ ತುಂಬಿದೆ. ರಿಬ್ಬನ್ ಸುತ್ತಿದ ಹಾಗೆ ಕಂಡಿತು. ಗಂಗವ್ವ ತಿರುಗಿಸಿ ನೋಡಿ, "ಛಲೋ ಐತ್ರಿ. ಆದರ ಶಾಂತವ್ವಕ್ಕನ ಕೈ ಇಲ್ಲ" ಎಂದಳು. ಉಳಿ ಹಿಡಿದ ಕೈ ಯಾವತ್ತೂ ನನ್ನದೇ ಆಗಿತ್ತು. ಆದರೂ ಅವಳ ಮಾತು ಖರೆ, ಅದಕ್ಕೇ ಸಂಕಟವಾಯಿತು. ಶಾಂತವ್ವ ಹಗ್ಗ ಜಗ್ಗಿದಾಗ ಬೀಳುತ್ತಿದ್ದ ಆ ಗೆರೆ ಇನ್ನು ಹುಟ್ಟುವುದೇ ಇಲ್ಲವೇನೋ ಎಂದು ಹೆದರಿಕೆಯಾಯಿತು.

ಮೋಟರಿನ ಪಟ್ಟಾ ಬಿಚ್ಚಿ, ಬೇರೆ ಕಟ್ಟಿಗೆ ಏರಿಸಿ, ಹಳೇ ಹಗ್ಗ ಸುತ್ತಿದೆ. "ನೀವ ಎಳೀರಿ" ಎಂದೆ. ಗಂಗವ್ವ ಬಾವಿಯ ನೀರು ಸೇದಿದಂತೆ ಸಮನಾಗಿ ಎಳೆದಳು.

"ಏನಾರ ಮಾತಾಡ್ರಿ."

"ಏನ್ ಮಾತಾಡ್ಲಿರಿ ಮಾಸ್ತರ?"

"ನಿಮ್ಮ ಬೀಗತಿ ಹೆಂಗದಾರ?"

ಹಗ್ಗ ಜಗ್ಗಿತು, ಉಳಿ ಹಾರಿತು. ಬೀಗತಿ ಬಾಣಂತಿಗೆ ತಂದ ಅಂಟಿನುಂಡಿಯಲ್ಲಿ ತುಪ್ಪದ ವಾಸನೆಯೂ ಇರಲಿಲ್ಲವಂತೆ. ಗಂಗವ್ವ ಅದನ್ನು ನಾಲ್ಕು ಮಂದಿಯ ಎದುರಿಗೇ ಹೇಳಿದಳಂತೆ. ಅಷ್ಟರಲ್ಲಿ ಕಂಬಕ್ಕೆ ಬೇಕಾದಷ್ಟು ಕಚ್ಚು ಬಿದ್ದಿದ್ದವು. ಬಣ್ಣದ ಪುಟ್ಟಿ ತುಂಬಿ ಹಳೇ ಮೂರು ಕಂಬಗಳ ನಡುವೆ ನಿಲ್ಲಿಸಿದಾಗ ತಂಗಿಯ ಹಾಗೆ ಹೊಂದಿಕೊಂಡಿತು. ನನಗೆ ಅಳು ಬಂತು, ಕಣ್ಣಿಗೆ ಮರದ ಪುಡಿ ಬಿತ್ತೆಂದು ನೆವ ಹೇಳಿದೆ. ಗಂಗವ್ವ ಕಂಬಗಳನ್ನು ಹಿಡಿದುಕೊಂಡು, ಸುದ್ದಿಯನ್ನು ಅರ್ಧಕ್ಕೇ ಬಿಟ್ಟು ಹೋದಳು.

ಮರುದಿನ ಮತ್ತೆ ಮೋಟರು ಹಚ್ಚಿ ಕೂತಿದ್ದೆ. ಕರೆಂಟು ಹೋಯಿತು. ಕಟ್ಟಿಗೆ ನಿಂತದ್ದೇ ತಡ, ನನ್ನ ಬಾಯಿ ತಾನೇ "ಹೂಂ, ಮುಂದ?" ಎಂದಿತು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಗೋಡೆಯ ಆಚೆಯಿಂದ ಗಂಗವ್ವ, "ಮುಂದೇನ್ರಿ ಮಾಸ್ತರ, ನಮ್ಮ ಬೀಗತಿ ಅವತ್ತಿನಿಂದ ಮಾತ ಬಿಟ್ಟಾಳ" ಎಂದಳು.

ಕೇಳಿದ್ದು ನಿಮ್ಮನ್ನಲ್ಲ ಎನ್ನಲು ಮನಸ್ಸಾಗಲಿಲ್ಲ. ಉಳಿ ಕೆಳಗಿಟ್ಟು, ಹೂಂ ಎಂದೆ.