‘ಎಂದಿನಂತೆ’ ಎಂಬ ಆರ್ಡರನ್ನು ಕಂಪ್ಯೂಟರಿಗೆ ಏರಿಸುವ ಬಗ್ಗೆ

ಪುಡಿ ಮತ್ತು ಕುರುಕಲು ತಿಂಡಿ ವಿಭಾಗ
ಅಡುಗೆಮನೆಯ ಕೆಳಗಿನ ನೆಲಮಾಳಿಗೆ, ಹ್ಯಾರಿಸನ್, ನ್ಯೂಜೆರ್ಸಿ

ಸಂಖ್ಯೆ: ಪುಕುತಿ/ಆರ್ಡರ್/ವರ್ಗ/03/2000–01
ದಿನಾಂಕ: 18–09–2000

ವಿಷಯ: ಹಳೆಯ ನೋಟ್‌ಬುಕ್ಕಿನ ಆರ್ಡರುಗಳನ್ನು ಸಿಆರ್‌ಎಂ ಎಂಬ ಹೊಸ ಗ್ರಾಹಕ ವ್ಯವಸ್ಥೆಗೆ ವರ್ಗಾಯಿಸುವಾಗ ಆಗುವ ತಪ್ಪುಗಳನ್ನು ತಡೆಯುವ ಕುರಿತು.

ಉಲ್ಲೇಖ: 1) ಕಂದು ರಟ್ಟಿನ ನೋಟ್‌ಬುಕ್, 1989ರಿಂದ ಇಂದಿನವರೆಗೆ.
2) ಶ್ರೀ ದಿವಾಕರ ಅವರು ಊಟದ ನಡುವೆ ನೀಡಿದ ಮೌಖಿಕ ಸಲಹೆ.
3) ಶ್ರೀಮತಿ ಗುರುಸಿದ್ದಮ್ಮ ಅವರ ಫೋನ್ ಕರೆ, ದಿನಾಂಕ 25–08–2000.

ಪ್ರಸ್ತಾವನೆ:

ಈ ವಿಭಾಗವು ಹನ್ನೊಂದು ವರ್ಷಗಳಿಂದ ಶ್ರೀಮತಿ ತ್ರಿಪುರಸುಂದರಿ ಅವರ ಎರಡು ಕೈ, ಒಂದು ಮಿಕ್ಸರ್ ಹಾಗೂ ಒಂದು ನೋಟ್‌ಬುಕ್ಕಿನ ಬಲದಿಂದ ನಡೆದುಕೊಂಡು ಬಂದಿರುತ್ತದೆ. ಹುಳಿಪುಡಿ, ಸಾರಿನಪುಡಿ, ಚಕ್ಕುಲಿ, ಕೋಡುಬಳೆಗಳನ್ನು ಸುತ್ತಲಿನ ಕನ್ನಡ ಮನೆಗಳಿಗೆ ಮಾಡಿಕೊಡುವುದು ಇದರ ಕರ್ತವ್ಯ. ಅವರ ಪತಿ ಶ್ರೀ ದಿವಾಕರ ಅವರು ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಕಳೆದ ಡಿಸೆಂಬರಿನಲ್ಲಿ ಆ ಬ್ಯಾಂಕಿನ ಸಮಸ್ತ ದಿನಾಂಕಗಳನ್ನು ಕ್ಷೇಮವಾಗಿ 1999ರಿಂದ 2000ಕ್ಕೆ ದಾಟಿಸಿದ ಮೇಲೆ, ಮನೆಯಲ್ಲಿ ದಾಟಿಸತಕ್ಕದ್ದು ಏನಾದರೂ ಇದೆಯೇ ಎಂದು ಅವರು ಹುಡುಕಲಾರಂಭಿಸಿದ್ದು ವಿಭಾಗದ ಗಮನಕ್ಕೆ ಬಂದಿತ್ತು. ನೋಟ್‌ಬುಕ್ ಅವರ ಕಣ್ಣಿಗೆ ಬಿತ್ತು.

“ಡೇಟಾ ಎಲ್ಲ ಗಲೀಜಾಗಿದೆ ಸುಂದರಿ. ಫಸ್ಟ್ ಕ್ಲೀನ್ ಮಾಡ್ಬೇಕು. ಹೀಗಿದ್ರೆ ಬಿಸಿನೆಸ್ ಸ್ಕೇಲ್ ಆಗಲ್ಲ” ಎಂದು ಅವರು ಅಭಿಪ್ರಾಯಪಟ್ಟರು. ಶ್ರೀಮತಿಯವರು ನೋಟ್‌ಬುಕ್ಕನ್ನು ತಮ್ಮ ಕಡೆಗೆ ಎಳೆದುಕೊಂಡರೆಂದು ದಾಖಲಾಗಿದೆ. ಒಪ್ಪಿಗೆಯೆಂದು ಇದನ್ನು ಅರ್ಥೈಸತಕ್ಕದ್ದಲ್ಲ. ಗಲೀಜು ಎಂದು ಶ್ರೀ ದಿವಾಕರ ಅವರು ಬೆರಳಿಟ್ಟ ಕಡೆ, ಪದ್ಮಜಾ ಎಂಬ ಗ್ರಾಹಕರ ತಾಯಿ ತೀರಿಕೊಂಡ ತಿಂಗಳು ಚಕ್ಕುಲಿ ಬೇಡವೆಂದು ಹೊಡೆದುಹಾಕಿದ ಗೆರೆಯಿತ್ತು.

ಗೌರಿ ಹಬ್ಬದ ಹಿಂದಿನ ವಾರ ಪ್ರಾಯೋಗಿಕ ವರ್ಗಾವಣೆ ನಡೆಸಲಾಯಿತು. ಅದರಿಂದ ಒಂದು ಮನೆಯಲ್ಲಿ ಅತ್ತೆ–ಸೊಸೆ ಒಬ್ಬರ ಮುಂದೊಬ್ಬರು ಉಳಿಸಿಕೊಂಡಿದ್ದ ಮರ್ಯಾದೆಯೇ ಅಪಾಯಕ್ಕೆ ಸಿಲುಕಿದ್ದರಿಂದ, ನವರಾತ್ರಿಯ ಆರ್ಡರುಗಳು ಶುರುವಾಗುವ ಮುನ್ನ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ‘ಎಂದಿನಂತೆ’ ಎಂಬುದರ ಬಗ್ಗೆ: ನೋಟ್‌ಬುಕ್ಕಿನಲ್ಲಿ ಪದಾರ್ಥದ ಜಾಗದಲ್ಲಿ ‘ಎಂದಿನಂತೆ’ ಎಂದು ನಲವತ್ತೊಂದು ಕಡೆ ಬರೆಯಲಾಗಿದೆ. ಹೊಸ ವ್ಯವಸ್ಥೆಯು ಪದಾರ್ಥದ ಹೆಸರಿಲ್ಲದೆ ಮುಂದಕ್ಕೆ ಬಿಡುವುದಿಲ್ಲವಾದ್ದರಿಂದ, ಶ್ರೀ ದಿವಾಕರ ಅವರು ‘ಎಂದಿನಂತೆ’ಯನ್ನೇ ಒಂದು ತಿಂಡಿಯಾಗಿ ನೋಂದಾಯಿಸಿರುತ್ತಾರೆ. ಪ್ರಸ್ತುತ ವಿಭಾಗದ ಅತಿ ಹೆಚ್ಚು ಬೇಡಿಕೆಯ ತಿಂಡಿ ಅದೇ ಎಂದು ಬಣ್ಣದ ಚಾರ್ಟೊಂದು ತೋರಿಸುತ್ತಿದೆ. ಇದರ ಉತ್ಪಾದನೆಯನ್ನು ದುಪ್ಪಟ್ಟುಗೊಳಿಸಬೇಕೆಂಬ ಅವರ ಶಿಫಾರಸನ್ನು ತಿರಸ್ಕರಿಸಲಾಗಿದೆ. ಅಲಮೇಲು ಅವರ ಎಂದಿನಂತೆ ಎಂದರೆ ಇಂಗಿಲ್ಲದ್ದು. ಪದ್ಮಜಾ ಅವರದು ಇಂಗು ಮುಂದಾಗಿರುವುದು. ಇದನ್ನು ಅರಿಯದವರು ಕೀಬೋರ್ಡ್ ಮುಟ್ಟತಕ್ಕದ್ದಲ್ಲ.

2. ದಿನಾಂಕಗಳ ಬಗ್ಗೆ: ‘ಅವರ ನಾದಿನಿ ಊರಿಗೆ ಹೋದ ಮೇಲೆ’, ‘ಮೊದಲ ಸ್ನೋ ಬಿದ್ದಾಗ’, ‘ಅವಳೇ ಹೇಳುತ್ತಾಳೆ’ ಎಂಬ ದಿನಾಂಕಗಳನ್ನು ಹೊಸ ವ್ಯವಸ್ಥೆಯು 1900ರ ಜನವರಿ ಒಂದು ಎಂದು ಗ್ರಹಿಸಿದೆ. ತತ್ಪರಿಣಾಮ, ನೂರು ವರ್ಷ ತಡವಾಗಿರುವ ಕೋಡುಬಳೆಯ ಕುರಿತು ಪ್ರತಿದಿನ ಬೆಳಗ್ಗೆ ಕೆಂಪು ಅಕ್ಷರದ ಎಚ್ಚರಿಕೆ ಬರುತ್ತಿದೆ. ಬ್ಯಾಂಕಿನಲ್ಲಿ ಇಂಥದ್ದೊಂದೂ ಆಗಲಿಲ್ಲವೆಂದು ಶ್ರೀ ದಿವಾಕರ ಅವರು ವಿಷಾದಿಸಿದ್ದಾರೆ. ಬ್ಯಾಂಕಿಗೆ ನಾದಿನಿ ಇಲ್ಲವೆಂಬುದನ್ನು ಅವರ ಗಮನಕ್ಕೆ ತರಲಾಗಿದೆ.

3. ‘ಸ್ವಲ್ಪ’ ಎಂಬುದು ಅಧಿಕೃತ ಅಳತೆ. ಎಷ್ಟು ಗ್ರಾಂ ಎಂಬುದನ್ನು ಕೇಳಿದವರ ಮುಖ ನೋಡಿ ನಿರ್ಧರಿಸತಕ್ಕದ್ದು. ಮುಖ ನಮೂದಿಸಲು ಸದ್ಯಕ್ಕೆ ಅಂಕಣವಿಲ್ಲ.

4. ಅರಿಶಿನದ ಬೆರಳಚ್ಚಿನ ಬಗ್ಗೆ: ಆರ್ಡರಿನ ಪಕ್ಕದಲ್ಲಿ ಅರಿಶಿನದ ಬೆರಳಚ್ಚು ಇದ್ದರೆ ತಲುಪಿಸಲಾಗಿದೆ ಎಂದರ್ಥ. ಇದನ್ನು ಕಲೆಯೆಂದು ಭಾವಿಸಿ ಕೈಬಿಟ್ಟಿದ್ದರಿಂದ ಒಂಬತ್ತು ಮನೆಗಳಿಗೆ ಸಾರಿನಪುಡಿ ಎರಡನೇ ಸಲ ಹೋಗಿದೆ. ಯಾರೂ ದೂರು ಕೊಟ್ಟಿಲ್ಲ. ಲ್ಯಾಪ್‌ಟಾಪಿನ ಪರದೆಗೆ ಅರಿಶಿನ ಒತ್ತುವ ಪ್ರಯೋಗವನ್ನು ಒಮ್ಮೆ ಮಾಡಲಾಗಿದ್ದು, ಮುಂದುವರಿಸತಕ್ಕದ್ದಲ್ಲ.

5. ಇಬ್ಬರನ್ನು ಒಬ್ಬರಾಗಿ ಕೂಡಿಸುವ ಬಗ್ಗೆ: ಒಂದೇ ವಿಳಾಸ, ಒಂದೇ ಫೋನ್ ನಂಬರ್ ಇದ್ದವರನ್ನು ಹೊಸ ವ್ಯವಸ್ಥೆಯು ಒಬ್ಬರೇ ಎಂದು ತಿಳಿದು ಕೂಡಿಸಿಬಿಡುತ್ತದೆ. ಈ ರೀತ್ಯಾ ಬಸವಪ್ರಸಾದ್ ಎಂಬುವರ ಹೆಂಡತಿ ಮತ್ತು ತಾಯಿ, ‘ಗುರುಸಿದ್ದಮ್ಮ ಕಲಾ’ ಎಂಬ ಒಬ್ಬ ಗ್ರಾಹಕರಾದರು.

(ಅ) ಸೊಸೆ ಕಲಾ ಮೈಸೂರಿನವರು, ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಮೂರು ವರ್ಷದ ಹಿಂದೆ ಜ್ವರ ಬಂದಾಗ, ಒಂದು ಸಲಕ್ಕೆಂದು ಹುಳಿಪುಡಿ ತರಿಸಿದರು. ಕೆಲಸಕ್ಕೆ ಹೋದರೂ ಮನೆಯಲ್ಲೇ ಪುಡಿ ಮಾಡುವ ಸೊಸೆಯೆಂದು ಅತ್ತೆ ಧಾರವಾಡದವರೆಗೂ ಫೋನ್ ಮಾಡಿ ಹೇಳಿಬಿಟ್ಟರು. ಆ ಹೊಗಳಿಕೆಯನ್ನು ಹಿಂದಿರುಗಿಸುವ ದಾರಿ ಕಲಾ ಅವರಿಗೆ ಕಾಣಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಆರು ಹತ್ತರ ರೈಲು ಇಳಿದು, ಸ್ಟೇಷನ್ನಿನ ಎರಡನೇ ಕಂಬದ ಬಳಿ ಲೇಬಲ್ ಇಲ್ಲದ ಡಬ್ಬ ಪಡೆಯುತ್ತಾರೆ.

(ಆ) ಅತ್ತೆ ಗುರುಸಿದ್ದಮ್ಮ ಅವರಿಗೆ ಕಳೆದ ಚಳಿಗಾಲದಿಂದ ಕೈ ನಡುಗುತ್ತದೆ. ಅವರು ಕುಟ್ಟುವ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಇಲ್ಲದೆ ಮಗನಿಗೆ ರೊಟ್ಟಿ ಸೇರುವುದಿಲ್ಲ. ಕೈಲಾಗುವುದಿಲ್ಲ ಎಂದು ಒಮ್ಮೆ ಬಾಯಿಬಿಟ್ಟರೆ ಆ ಅಡುಗೆಮನೆಯಲ್ಲಿ ತಾನು ನಿಲ್ಲುವ ಜಾಗ ಹೋಯಿತೆಂಬ ಭಯ ಅವರದು. ಹಾಗಾಗಿ ಶ್ರೀಮತಿ ತ್ರಿಪುರಸುಂದರಿ ಅವರಿಗೆ ಫೋನಿನಲ್ಲೇ ತಮ್ಮ ಹದ ಕಲಿಸಿ, ಜನವರಿಯಿಂದೀಚೆಗೆ ಹಿಂಡಿಯನ್ನು ಸೊಸೆ ಇಲ್ಲದ ಹೊತ್ತಿನಲ್ಲಿ ಹಿಂಬಾಗಿಲ ಮೆಟ್ಟಿಲಿಗೆ ತರಿಸಿಕೊಳ್ಳುತ್ತಾರೆ.

(ಇ) ಆಗಸ್ಟ್ 25ರ ಬೆಳಗ್ಗೆ ಶ್ರೀ ದಿವಾಕರ ಅವರು ಎರಡು ಡಬ್ಬಗಳನ್ನೂ ಒಂದೇ ಚೀಲದಲ್ಲಿ ಹಾಕಿ, ಆ ಮನೆಯ ಮುಂಬಾಗಿಲಲ್ಲಿಟ್ಟು ರೈಲಿಗೆ ಹೋದರು. ಚೀಲದ ಮೇಲೆ ಹೊಸ ವ್ಯವಸ್ಥೆಯು ಅಚ್ಚುಮಾಡಿದ ಲೇಬಲ್ ಇತ್ತು: ‘ನೀವು ಇದುವರೆಗೆ ತರಿಸಿದ್ದು: ಹುಳಿಪುಡಿ, ಮೂವತ್ತಾರು ಸಲ. ಶೇಂಗಾ ಹಿಂಡಿ, ಎಂಟು ಸಲ. ನಿಮ್ಮ ನಿಷ್ಠೆಗೆ ವಂದನೆಗಳು.’ ಅದು ಕನ್ನಡದಲ್ಲೇ ಬರಲೆಂದು ಅವರು ಎರಡು ವಾರಾಂತ್ಯ ಶ್ರಮಿಸಿದ್ದರು.

(ಈ) ಹನ್ನೊಂದು ಗಂಟೆಗೆ ಗುರುಸಿದ್ದಮ್ಮ ಅವರ ಕರೆ ಬಂದಿತು. ಶ್ರೀಮತಿಯವರ ಕೈಯೆಲ್ಲ ಚಕ್ಕುಲಿ ಹಿಟ್ಟಾಗಿತ್ತು. ತೊಳೆಯದೆಯೇ ಫೋನ್ ಎತ್ತಿದರು. ಹನ್ನೊಂದು ವರ್ಷ ಯಾವ ಮನೆಯ ಮಾತನ್ನೂ ಇನ್ನೊಂದು ಮನೆಗೆ ಒಯ್ಯದ ತಾವು, ಇಂದು ಒಂದೇ ಮನೆಯೊಳಗೆ ಒಯ್ದುಬಿಟ್ಟೆವೆಂದು ಅವರಿಗೆ ಕೂಡಲೇ ತಿಳಿಯಿತು. ಕರೆಯ ವಿವರ ಇಂತಿದೆ:

“ಏನ್ರಿ ಸುಂದರಮ್ಮ, ಮೂವತ್ತಾರು ಸಲ ಅಂತ ಬರದೀರಿ. ನಾನು ಹಿಂಡಿ ತರಿಸಿದ್ದು ಎಂಟ ಸಲ. ಉಳಿದಿದ್ದು ಯಾರದಂತ ತಿಳಿಯಲಾರದಷ್ಟು ಮುದುಕಿ ಆಗಿಲ್ರಿ ನಾ. ದಿನಾ ರೈಲಿನ್ಯಾಗ ಹೋಗಿ ದುಡದು ಬರಾಕಿ, ನನ್ನ ಮುಂದ ಮರ್ಯಾದಿ ಉಳಿಸ್ಕೊಳ್ಳಾಕ ಎಷ್ಟ ಒದ್ದಾಡ್ಯಾಳ ನೋಡ್ರಿ. ಆಕಿ ಡಬ್ಬಿ ನಾನ ತುಂಬಿ ಇಟ್ಟೀನಿ. ನನಗ ಗೊತ್ತಾತಂತ ಆಕಿಗೆ ಹೇಳಬ್ಯಾಡ್ರಿ. ನಂದಂತೂ ಹೇಳಾಂಗೇ ಇಲ್ಲ. ಮತ್ತ ಇನ್ನೊಂದ್ರಿ, ಆಕಿ ಪುಡ್ಯಾಗ ಖಾರ ಒಂದೀಟ ಕಡಿಮಿ ಮಾಡ್ರಿ. ಎದಿ ಉರಿತೈತಿ ಅಂತ ಗುಳಿಗಿ ನುಂಗ್ತಾಳ.”

(ಉ) ಸೋಮವಾರ ಸಂಜೆ ಶ್ರೀಮತಿಯವರು ಡಬ್ಬವಿಲ್ಲದೆಯೇ ಎರಡನೇ ಕಂಬದ ಬಳಿ ಹೋಗಿ ನಿಂತರು. ಕಲಾ ಅವರೇ ಮೊದಲು ಮಾತಾಡಿದರು:

“ಆಂಟಿ, ಲೇಬಲ್ ಗಾರ್ಬೇಜಲ್ಲಿ ಸಿಕ್ತು. ನನ್ ಡಬ್ಬ ನೋಡಿದ್ರೆ ಆಗ್ಲೇ ತುಂಬಿತ್ತು. ನಾನು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಆಸ್ಪತ್ರೇಲಿ ದಿನಾ ಎಷ್ಟು ಜನರ ಕೈ ಹಿಡ್ಕೋತೀನಿ, ಮನೇಲಿ ಅತ್ತೆ ಕೈ ನಡುಗೋದು ನೋಡೇ ಇರ್ಲಿಲ್ಲ. ನಂಗೆ ಗೊತ್ತು ಅಂತ ಪ್ಲೀಸ್ ಅತ್ತೆಗೆ ಹೇಳ್ಬೇಡಿ. ಹಿಂಡಿ ಮಾತ್ರ ಇನ್ನೊಂಚೂರು ತರಿತರಿ ಇರ್ಲಿ ಆಂಟಿ. ನುಣ್ಣಗಿದ್ರೆ ನಮ್ಮನೆಯವರಿಗೆ ಮಿಕ್ಸರ್ ಅಂತ ಡೌಟ್ ಬರುತ್ತೆ.”

ಶ್ರೀಮತಿಯವರು ತಲೆಯಾಡಿಸಿದರು. ಅಷ್ಟೇ ಆದರೂ, ಮನೆಗೆ ನಡೆದು ಬರುವಾಗ ಅವರು ತಮ್ಮ ಮನೆಯ ತಿರುವು ಬಿಟ್ಟು ಇನ್ನೂ ಎರಡು ತಿರುವು ಮುಂದೆ ಹೋಗಿದ್ದರೆಂದು ದಾಖಲಾಗಿದೆ.

6. ಆದಕಾರಣ, ‘ಗುರುಸಿದ್ದಮ್ಮ ಕಲಾ’ ಎಂಬ ಗ್ರಾಹಕರನ್ನು ತಕ್ಷಣವೇ ಮತ್ತೆ ಇಬ್ಬರನ್ನಾಗಿಸತಕ್ಕದ್ದು. ಸೊಸೆಯ ಹುಳಿಪುಡಿಗೆ ಖಾರ ಕಡಿಮೆ, ಅತ್ತೆಯ ಹಿಂಡಿ ತರಿತರಿ ಎಂಬುದನ್ನು ಆಯಾ ಹೆಸರಿನ ಮುಂದೆ ನೋಟ್‌ಬುಕ್ಕಿನಲ್ಲಿ ಬರೆಯತಕ್ಕದ್ದು. ಸೂಚನೆ ಕೊಟ್ಟವರು ಯಾರೆಂದು ಎಲ್ಲಿಯೂ ಬರೆಯತಕ್ಕದ್ದಲ್ಲ. ಖಾರ ಏಕೆ ಕಡಿಮೆಯಾಯಿತು, ಹಿಂಡಿ ಏಕೆ ತರಿಯಾಯಿತು ಎಂದು ಇಬ್ಬರಲ್ಲಿ ಯಾರಾದರೂ ಕೇಳಿದರೆ, ಹೊಸ ಸಿಆರ್‌ಎಂನ ತಪ್ಪೆಂದು ತಿಳಿಸತಕ್ಕದ್ದು. ಈ ಒಂದು ಉಪಯೋಗಕ್ಕಾಗಿ ಸದರಿ ವ್ಯವಸ್ಥೆಯನ್ನು ಮುಂದುವರಿಸಲು ಅನುಮತಿ ನೀಡಲಾಗಿದೆ.

7. ಹೊಸ ವ್ಯವಸ್ಥೆಯಲ್ಲಿ ಶ್ರೀ ದಿವಾಕರ ಅವರು ‘ಆಡಳಿತಾಧಿಕಾರಿ’ ಎಂದೂ ಶ್ರೀಮತಿ ತ್ರಿಪುರಸುಂದರಿ ಅವರು ‘ಅತಿಥಿ’ ಎಂದೂ ನಮೂದಾಗಿರುವುದು ಪರಿಶೀಲನೆಯಲ್ಲಿ ಕಂಡುಬಂದಿದೆ. ಅತಿಥಿಯವರ ಲಿಖಿತ ಒಪ್ಪಿಗೆಯಿಲ್ಲದೆ ಆಡಳಿತಾಧಿಕಾರಿಯವರು ಇನ್ನು ಮುಂದೆ ಯಾವುದನ್ನೂ ಕ್ಲೀನ್ ಮಾಡತಕ್ಕದ್ದಲ್ಲ. ಊಟವಾದ ಮೇಲಿನ ಪಾತ್ರೆಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

(ಸಹಿ)
ತ್ರಿಪುರಸುಂದರಿ
ಅತಿಥಿ ಹಾಗೂ ನೋಟ್‌ಬುಕ್ ಪಾಲಕರು

ಪ್ರತಿಗಳು:
1. ಶ್ರೀ ದಿವಾಕರ, ಆಡಳಿತಾಧಿಕಾರಿ: ಪಾಲನೆಗಾಗಿ. ಸಿಂಕಿನ ಮೇಲಿನ ಗೋಡೆಗೆ ಅಂಟಿಸಲಾಗಿದೆ.
2. ಶ್ರೀಮತಿ ಅಲಮೇಲು: ಇಂಗಿಲ್ಲದೆ, ಐದು ಮತ್ತು ಆರನೇ ಖಂಡಿಕೆಗಳೂ ಇಲ್ಲದೆ.
3. ಶ್ರೀಮತಿ ಕಲಾ: ಎರಡನೇ ಕಂಬದ ಬಳಿ. ಐದು ಮತ್ತು ಆರನೇ ಖಂಡಿಕೆಗಳನ್ನು ಕತ್ತರಿಸಿ ತೆಗೆದು.
4. ಶ್ರೀಮತಿ ಗುರುಸಿದ್ದಮ್ಮ: ಹಿಂಬಾಗಿಲ ಮೆಟ್ಟಿಲ ಮೇಲೆ. ಐದು ಮತ್ತು ಆರನೇ ಖಂಡಿಕೆಗಳನ್ನು ಕತ್ತರಿಸಿ ತೆಗೆದು.
5. ಕತ್ತರಿಸಿದ ತುಂಡುಗಳು: ಅಕ್ಕಿ ಡಬ್ಬದ ತಳದಲ್ಲಿ, ಎಂದಿನಂತೆ.