ಮೂರನೇ ಸಾಕ್ಷಿ

ಕಾಗದಪತ್ರಗಳ ವಿಷಯದಲ್ಲಿ ನಾನು ಬಹಳ ಶಿಸ್ತಿನವಳು ಎಂದು ನನಗೊಂದು ನಂಬಿಕೆಯಿತ್ತು. ಕಾನ್ವೆಂಟಿನ ಸಿಸ್ಟರುಗಳು ಪುಸ್ತಕಕ್ಕೆ ಕಂದು ಹಾಳೆ ಹಾಕುವಾಗ ಅಂಚು ಹೇಗೆ ಮಡಚಬೇಕೆಂಬುದನ್ನೂ ಕಲಿಸಿದ್ದರು. ಹಾಗಾಗಿ ಸಿರುಗುಪ್ಪದ ನನ್ನ ಅಣ್ಣನ ಮಗಳು ಸುಮಾ, ಕುರುಗೋಡಿನ ಬೌದ್ಧರ ಮನೆಯ ಆನಂದನನ್ನು ಬಳ್ಳಾರಿಯಲ್ಲಿ ರಿಜಿಸ್ಟರ್ ಮದುವೆಯಾಗುವುದೆಂದು ನಿಶ್ಚಯವಾದಾಗ, "ಕಾಗದದ ಕೆಲಸ ನನಗ ಬಿಡ್ರಿ" ಎಂದುಬಿಟ್ಟೆ.

ಕಾನೂನು ಕೇಳುವುದು ಹೆಚ್ಚೇನಲ್ಲ. ಹುಡುಗನಿಗೆ ಇಪ್ಪತ್ತೊಂದು, ಹುಡುಗಿಗೆ ಹದಿನೆಂಟು ತುಂಬಿರಬೇಕು. ನೋಟೀಸು ಕೊಟ್ಟು ಮೂವತ್ತು ದಿನ ಕಾಯಬೇಕು; ಮೂರು ತಿಂಗಳು ದಾಟಿದರೆ ಮತ್ತೆ ಮೊದಲಿನಿಂದ. ಮದುವೆಯ ದಿನ ಮೂವರು ಸಾಕ್ಷಿ ಬೇಕು. ನಮ್ಮ ಮೂವತ್ತು ದಿನ ಮುಗಿಯುವಷ್ಟರಲ್ಲಿ ಆಷಾಢ ಬಂತು. "ಬ್ಯಾಡ, ಅಣ್ಣನ ಮನಸ್ಸಿಗೆ ಬರಂಗಿಲ್ಲ" ಎಂದು ತಡೆದವಳು ನಾನೇ. ಶ್ರಾವಣದಲ್ಲಿ ಅಣ್ಣ ಆರಿಸಿದ ಒಳ್ಳೆಯ ದಿನ ನೋಡಿದರೆ ನೋಟೀಸಿನ ಕಟ್ಟಕಡೆಯ ದಿನ. ಅಣ್ಣ ಒಪ್ಪಿದ್ದೇ ಕಷ್ಟದಿಂದ. "ಇವತ್ತ ಆದ್ರ ಆತು. ಇಲ್ಲಂದ್ರ ಮತ್ತ ನನ್ನ ಕೇಳಬ್ಯಾಡ್ರಿ" ಎಂದು ಬೆಳಿಗ್ಗೆಯೇ ಹೇಳಿದ್ದ.

ಸಾಕ್ಷಿಗಳು ಅಣ್ಣ, ಆನಂದನ ತಾಯಿ ಮತ್ತು ನಾನು. ಎಲ್ಲರ ಆಧಾರ್ ಕಾರ್ಡು ವಾರದ ಹಿಂದೆಯೇ ವಸೂಲು ಮಾಡಿ ಫೈಲಿಗೆ ಸೇರಿಸಿದ್ದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ನಾಲ್ಕು ಗಂಟೆಗೆ ನಮ್ಮ ಸರದಿ ಬಂತು. ಗುಮಾಸ್ತರು ಫೈಲು ತಿರುವಿ, "ನಿಮ್ಮ ಒರಿಜಿನಲ್ ಎಲ್ಲಿ, ಮೇಡಂ?" ಎಂದರು. ಫೈಲಿನಲ್ಲಿದ್ದದ್ದು ನನ್ನ ಕಾರ್ಡಿನ ಜೆರಾಕ್ಸ್ ಮಾತ್ರ; ಒರಿಜಿನಲ್ ಮನೆಯಲ್ಲಿ, ತರಕಾರಿಗೆ ಒಯ್ಯುವ ಹಳೇ ಪರ್ಸಿನಲ್ಲಿತ್ತು. ಸೀರೆಗೆ ಹೊಂದಲೆಂದು ನಾನು ಜರಿಯ ಪರ್ಸು ತಂದಿದ್ದೆ.

ನನ್ನ ಮನೆ ಬ್ರೂಸ್‌ಪೇಟೆಯ ಸಂದಿಯಲ್ಲಿ. ಆ ಹೊತ್ತಿಗೆ ಅಲ್ಲಿ ಸೈಕಲ್ಲೂ ನುಗ್ಗುವುದಿಲ್ಲ. "ನಾಲ್ಕೂವರಿಗೆ ಸಾಹೇಬ್ರು ಏಳ್ತಾರ" ಎಂದರು ಗುಮಾಸ್ತರು. ಸುಮಾ ಕೈಯಲ್ಲಿದ್ದ ಹೂವಿನ ಹಾರವನ್ನು ಬೆಂಚಿನ ಮೇಲಿಟ್ಟಳು. ಅಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಡಲು ಎದ್ದ. "ಶಾಣ್ಯಾಕಿ ಅದೀಯಲೇ" ಎಂದಷ್ಟೇ ನನಗೆ ಅಂದ.

ಬೆಂಚಿನ ತುದಿಯಲ್ಲಿ ಕೊಳಗಲ್ಲಿನ ಅಜ್ಜಿಯೊಬ್ಬರು ಜಮೀನಿನ ಕೆಲಸಕ್ಕೆಂದು ಬಂದು ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ನಂದು ಐತಿ ನೋಡ್ರಿ ಕಾರ್ಡು" ಎಂದು ಸೊಂಟದ ಚೀಲದಿಂದ ತೆಗೆದರು. ಆಗಬಹುದೇ ಎಂದು ನಾನು ಗುಮಾಸ್ತರನ್ನು ನೋಡಿದೆ. "ಯಾರಾದ್ರೂ ನಡೀತೈತಿ" ಎಂದರು. ಆದರೆ ಅಜ್ಜಿ ಪೆನ್ನು ಮುಟ್ಟಲಿಲ್ಲ. "ತಡೀರಿ. ಏನೂ ಕೇಳಲಾರದ ಸಹಿ ಹಾಕಾಕಿ ಅಲ್ಲ ನಾನು. ನಿನ್ನ ಮನಸ್ಸಿಲೆ ಆಗಾಕತ್ತೀಯೇನವ್ವಾ?"

"ಹೂನ್ರೀ," ಎಂದಳು ಸುಮಾ.

"ನಿಮ್ಮವ್ವಗ ಸೀರಿ ಒಗದು ಕೊಡ್ತೀಯೇನಪಾ?" ಎಂದು ಆನಂದನಿಗೆ.

"ಈಗೂ ನಾನ ಒಗೀತೀನ್ರೀ."

ಆನಂದನ ತಾಯಿ ಹೌದೆಂದು ತಲೆಯಾಡಿಸಿದರು. ಮೂರು ತಿಂಗಳಲ್ಲಿ ನಾವ್ಯಾರೂ ಕೇಳದ ಪ್ರಶ್ನೆಗಳಿವು. ಅಣ್ಣ ಟವೆಲ್ಲು ತೆಗೆದಿಟ್ಟು, "ಮದ್ಲ ನಂದ ಸಹಿ ಹಾಕಿಸ್ರಿ" ಎಂದ.

ಒಳಗೆ ಇಕ್ಕಟ್ಟು. ಸಾಕ್ಷಿಯಲ್ಲದವರು ಹೊರಗಿರಬೇಕೆಂದರು, ಅಂದರೆ ನಾನೊಬ್ಬಳೇ. ಬಾಗಿಲಲ್ಲಿ ಅಜ್ಜಿ ತಿರುಗಿ, ತಮ್ಮ ಜಮೀನಿನ ಕಾಗದದ ಕಟ್ಟನ್ನು ನನ್ನ ಕೈಗಿಟ್ಟರು. "ಎಲ್ಲರೆ ಇಟ್ಟು ಮರ್ತೀಯವ್ವಾ," ಎಂದರು. ಒಳಗೆ ಮದುವೆ ಮುಗಿಯುವವರೆಗೆ ನಾನು ಆ ಕಟ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಕೂರದೆ ನಿಂತಿದ್ದೆ.