ಮಾಮಾನ ಕಂಪ್ಯೂಟರಿಗೆ ಎರಡು ಬಟನ್ ಕಡಿಮೆ

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದದ್ದು ಒಂದೇ ಸಲ. ತಾಂಬಾ ಎಂಬ ಊರಿಗೆ ಹೋಗಿ, ಅವಲಕ್ಕಿ ತಿಂದು, ಚಹಾ ಬರುವ ಮೊದಲೇ ಒಪ್ಪಿಕೊಂಡು ಎದ್ದರಂತೆ. ಅಂಥ ಮನುಷ್ಯ ಒಂದು ಲ್ಯಾಪ್‌ಟಾಪ್ ಒಪ್ಪಿಕೊಳ್ಳಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ತಾಲೂಕು ತಿರುಗಿದರು, ನಾಲ್ಕೂ ಅಂಗಡಿಯಲ್ಲಿ ಚಹಾ ಕುಡಿದರು, ಬರಿಗೈಯಲ್ಲಿ ಬಂದರು! ಅತ್ತೆ ಹೇಳಿದ್ದು ಇಷ್ಟೇ: “ನನ್ನ ನೋಡಾಕ ಬಂದಾಗ ಇದರಾಗ ಅರ್ಧಾ ಚೌಕಶಿ ಮಾಡಿದ್ರ ಇಬ್ಬರೂ ಸುಖದಿಂದ ಇರ್ತಿದ್ವಿ.”

ನಾಲ್ಕೂ ಕಡೆ ಅವರ ಹಿಂದೆ ಚೀಲ ಹಿಡಿದು ಅಲೆದವಳು ನಾನು. ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದಕೈ ನನ್ನ ಪರ್ಸಿನಲ್ಲಿರುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗಕ್ಕೆಲ್ಲ ನಾನೇ ಕಂಪ್ಯೂಟರ್ ಪಂಡಿತೆ. ಅವ್ವ ಹೋದ ಮೇಲೆ ತವರು ಅಂದರೆ ನನಗೆ ಇಂಡಿಯ ಈ ಮಾಮಾನ ಮನೆ. ಕರೆದರೆ ಇಲ್ಲ ಅನ್ನುವ ಹಾಗಿಲ್ಲ.

ಮಾಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದದ್ದು ಅವರ ಬೆರಳುಗಳಿಗೆ ಇನ್ನೂ ತಿಳಿದಿಲ್ಲ. ಅವರು ಟೈಪಿಗೆ ಕುಳಿತರೆ ಪಕ್ಕದ ಮನೆಯವರು ‘ಖಾರ ಕುಟ್ಟಾಕ ಕುಂತಾರ’ ಅಂದುಕೊಳ್ಳುತ್ತಾರೆ. ಪಡಸಾಲೆಯ ಮೂಲೆಯಲ್ಲಿರುವ ಡೆಸ್ಕ್‌ಟಾಪಿಗೆ ಅತ್ತೆಯ ಕಸೂತಿಯ ಮುಸುಕು, ಕೆಳಗಿನ ಡಬ್ಬಿಗೆ ದಿನಾ ಮೂರು ಬೆರಳಿನ ವಿಭೂತಿ. ಬೆಳಿಗ್ಗೆ ಸ್ವಿಚ್ ಹಾಕಿ ಸ್ನಾನಕ್ಕೆ ಹೋದರೆ, ಪೂಜೆ ಮುಗಿಸಿ ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಅದು ಕಣ್ಣು ಬಿಡುತ್ತದೆ. “ವಯಸ್ಸಾಗೈತಿ, ನಿಧಾನಕ್ಕ ಏಳ್ತೈತಿ, ಏನ್ ಮಾಡೂದು” ಎಂದು ಅದರ ಬೆನ್ನು ಸವರುತ್ತಾರೆ. ಅತ್ತೆ ಹತ್ತು ನಿಮಿಷ ತಡವಾಗಿ ಎದ್ದ ದಿನ ಈ ಕರುಣೆ ಎಲ್ಲಿ ಹೋಗಿರುತ್ತದೋ ಗೊತ್ತಿಲ್ಲ.

ಇಷ್ಟಾದರೂ ಸಹಿಸಬಹುದು. ಅದರ ಕೀಲಿಮಣೆಗೆ ಎರಡು ಬಟನ್ನೇ ಇಲ್ಲ! ಬರೆದದ್ದನ್ನು ಅಳಿಸುವ ಎರಡೂ ಬಟನ್ ಹೋಗಿ ಅಲ್ಲಿ ಎರಡು ತೂತು ಉಳಿದಿವೆ. ಮೂರು ಸಲ ಹೊಸ ಕೀಲಿಮಣೆ ತಂದುಕೊಟ್ಟೆ. ಮೂರನ್ನೂ ಕಪಾಟಿನ ಮೇಲೆ ಸೀರೆಯ ಡಬ್ಬಿಗಳ ಜೊತೆ ಪೇರಿಸಿಟ್ಟರು. ಜಿಪುಣರು ಕಾಸು ಖರ್ಚು ಮಾಡುವುದಿಲ್ಲ, ಸರಿ. ಬಿಟ್ಟಿ ಬಂದದ್ದನ್ನೂ ಬಳಸದಿರುವುದಕ್ಕೆ ಏನೆನ್ನಬೇಕು?

ಈ ಯಂತ್ರದಿಂದ ಅವರು ಮಾಡುವ ಕೆಲಸ ಒಂದೇ, ಬಳಗದ ಲಗ್ನಪತ್ರಿಕೆ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಮದುಮಕ್ಕಳಿಗೆ ಸಿಗುವುದು ಎರಡು ಸಾಲು. ಉಳಿದದ್ದೆಲ್ಲ ಆಮಂತ್ರಿಸುವವರ ಹೆಸರು. ಹೆಸರು ಬಿಟ್ಟರೆ ಆ ಮನೆಯವರು ಲಗ್ನಕ್ಕೆ ಬರುವುದಿಲ್ಲ, ಕೆಳಗೆ ಹಾಕಿದರೆ ಬರುತ್ತಾರೆ ಆದರೆ ಉಣ್ಣುವುದಿಲ್ಲ. ಅದಕ್ಕೇ ನಾಲ್ಕೂ ತಾಲೂಕಿನ ಹಿರಿಯರು ಇಂಡಿಗೆ ಬಂದು, ಆ ಪರದೆಯ ಮುಂದೆ ಜಮಖಾನೆ ಹಾಸಿ ಕುಳಿತು, ಒಂದೊಂದೇ ಹೆಸರು ಓದಿಸಿ ಜಗಳಾಡಿ ಹೋಗುತ್ತಾರೆ.

ಒಮ್ಮೆ ಗೊಳಸಂಗಿಯ ಕಾಕಾ ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದರೆಂದು ಮುನಿಸಿಕೊಂಡಿದ್ದರು. ಅವರ ಹೆಸರು ತೆಗೆಯಲೇಬೇಕು ಎಂದು ಹಿರಿಯರೆಲ್ಲ ಹಟ ಹಿಡಿದರು. ಮಾಮಾ ಕೀಲಿಮಣೆ ಎತ್ತಿ ತೂತು ತೋರಿಸಿದರು.

“ಹಾಕಾಕ ಬರ್ತೈತಿ, ತಗಿಯಾಕ ಬರಂಗಿಲ್ಲ. ಅಳಸೋ ಬಟನ್ ಇಲ್ಲ ನೋಡ್ರಿ.”

“ಹಂಗಾದ್ರ ಇರ್ಲಿ ಬಿಡು” ಎಂದರು ಹಿರಿಯರು. ಕಾಕಾ ಲಗ್ನಕ್ಕೆ ಬಂದರು, ತುಪ್ಪವನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು.

ಬಟನ್ ಇಲ್ಲದಿದ್ದರೂ ಮೌಸಿನಿಂದ ಅಳಿಸಬಹುದು ಎಂಬುದು ನಮ್ಮ ಶಾಲೆಯ ಎಂಟನೆಯ ಇಯತ್ತೆಯ ಮಕ್ಕಳಿಗೂ ಗೊತ್ತು. ಒಂದು ಸಲ ಎಲ್ಲರ ಎದುರು ಅದನ್ನು ಹೇಳಿಕೊಡಲು ಹೋದೆ. ಮಾಮಾ ನನ್ನ ಕೈಯಲ್ಲಿ ಚಹಾದ ತಟ್ಟೆ ತುರುಕಿ, “ಒಳಗ ಹೋಗು, ನಿಮ್ಮತ್ತಿ ಕರ್ಯಾಕತ್ತಾಳ” ಎಂದು ಅಟ್ಟಿದರು. ಅತ್ತೆ ಕರೆದೇ ಇರಲಿಲ್ಲ. ಹೊಸದನ್ನು ಕಲಿಯಲಾರದ ಮನುಷ್ಯ ಎಂದು ಅಂದೇ ತೀರ್ಮಾನಿಸಿಬಿಟ್ಟೆ.

ಪತ್ರಿಕೆಯಲ್ಲಿ ನನ್ನ ಹೆಸರಿಗೂ ಒಂದು ಕಥೆ ಇದೆ. ಹನ್ನೆರಡು ವರ್ಷದ ಹಿಂದೆ ನಾನು ನಮ್ಮ ಶಾಲೆಯ ವಿಜ್ಞಾನದ ಮಾಸ್ತರರಾದ ರಫೀಕರನ್ನು ಮದುವೆಯಾದೆ. ಬಳಗದಲ್ಲಿ ಯಾರೂ ಬರಲಿಲ್ಲ. ಮಾಮಾನ ಅಣ್ಣ, ಮುದ್ದೇಬಿಹಾಳದ ದೊಡ್ಡಮಾವ, ಬಳಗಕ್ಕೆ ಹಿರಿಯರು. ಅವರು ಅಂದಿನಿಂದ ನನ್ನ ಕಡೆ ಮುಖ ಮಾಡಿ ಮಾತಾಡಲಿಲ್ಲ. ಆದರೂ ಪ್ರತಿ ಲಗ್ನಪತ್ರಿಕೆಯ ಕೊನೆಯಲ್ಲಿ ‘ಸುನಂದಾ, ರಫೀಕ್, ಸಿಂದಗಿ’ ಎಂದು ಅಚ್ಚಾಗುತ್ತಿತ್ತು. ಎಲ್ಲರಿಗೂ ಇರುವ ಶ್ರೀ, ಶ್ರೀಮತಿ ನಮಗಿರಲಿಲ್ಲ. ಇಲ್ಲದಿದ್ದರೆ ಇಲ್ಲ, ಹೆಸರಿತ್ತಲ್ಲ. ಹೆಸರಿದ್ದವರನ್ನು ಪಂಕ್ತಿಯಿಂದ ಎಬ್ಬಿಸುವಂತಿಲ್ಲ. ಆ ಒಂದು ಸಾಲಿನ ಬಲದ ಮೇಲೆ ನಾನು ಹನ್ನೆರಡು ವರ್ಷ ತವರಿನ ಲಗ್ನಗಳಲ್ಲಿ ಉಂಡಿದ್ದೇನೆ. ಮಾತಾಡದಿದ್ದರೂ ದೊಡ್ಡಮಾವನದು ಎಷ್ಟು ದೊಡ್ಡ ಮನಸ್ಸು ಎಂದು ಸಿಂದಗಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಈ ವರ್ಷ ಆ ದೊಡ್ಡಮಾವನ ಮೊಮ್ಮಗಳ ಲಗ್ನ ಗೊತ್ತಾಯಿತು. ಅದೇ ಹೊತ್ತಿಗೆ ಡೆಸ್ಕ್‌ಟಾಪ್ ದಿನಕ್ಕೆ ಮೂರು ಸಲ ಪ್ರಜ್ಞೆ ತಪ್ಪತೊಡಗಿತು. ಹೆಸರಿನ ಪಟ್ಟಿ ಇರುವುದೇ ಅದರ ಹೊಟ್ಟೆಯಲ್ಲಿ. ಅತ್ತೆ ಆಜ್ಞೆ ಹೊರಡಿಸಿದರು: “ಆ ಡಬ್ಬಿ ತಗದು ಲ್ಯಾಪ್‌ಟಾಪ್ ತರ್ರಿ. ಆ ಜಗಾದಾಗ ನನ್ನ ನಿಂಬಿಕಾಯಿ ಉಪ್ಪಿನಕಾಯಿ ಬರಣಿ ಇಡೂದೈತಿ.”

ಹೀಗೆ ಶುರುವಾಯಿತು ನಮ್ಮ ದಂಡಯಾತ್ರೆ. ಇಂಡಿಯ ಅಂಗಡಿಯಲ್ಲಿ ಮಾಮಾ ಲ್ಯಾಪ್‌ಟಾಪನ್ನು ಎತ್ತಿ, ತೂಗಿ, “ಇಷ್ಟು ಹಗುರ ಇದ್ರ ಮಂದಿ ಮಾತು ಕೇಳ್ತಾರೇನ್ರಿ” ಎಂದು ಇಳಿಸಿದರು. ಸಿಂದಗಿಯ ಅಂಗಡಿಯವನು ಕರೆಂಟ್ ಹೋದರೂ ಇದು ನಾಲ್ಕು ತಾಸು ನಡೆಯುತ್ತದೆ ಎಂದು ಹೆಮ್ಮೆಯಿಂದ ಹೇಳಿದ. ಮಾಮಾ ಗಾಬರಿಯಾದರು. “ನಮ್ಮನ್ಯಾಗ ಕರೆಂಟ್ ಹೋದಾಗ ಜಗಳಾ ನಿಂತು ಎಲ್ಲಾರೂ ಚಾ ಕುಡೀತಾರ. ಇದು ನಾಕ್ ತಾಸು ನಡಸ್ತೈತಿ ಅಂದ್ರ ಹೆಣಾ ಬೀಳ್ತಾವ.” ಮುದ್ದೇಬಿಹಾಳದಲ್ಲಿ ಇನ್ನೂ ಚಂದ. “ಇದರ ಮುಂದ ಎಷ್ಟು ಮಂದಿ ಕುಂತು ಓದಬಹುದ್ರಿ?” ಎಂದು ಕೇಳಿ, ಉತ್ತರ ಬರುವ ಮೊದಲೇ ಹೊರಗೆ ಬಸ್ಸಿಗೆ ಕಾಯುತ್ತಿದ್ದ ಆರು ಜನರನ್ನು ಕರೆತಂದು ಆ ಸಣ್ಣ ಪರದೆಯ ಮುಂದೆ ಕೂಡಿಸಿದರು. ಅವರಲ್ಲಿ ಇಬ್ಬರ ಬಸ್ ತಪ್ಪಿತು. ಲ್ಯಾಪ್‌ಟಾಪೂ ತಪ್ಪಿತು.

ಕೊನೆಗೆ ಬಸವನ ಬಾಗೇವಾಡಿ. ಅಲ್ಲಿನ ಲ್ಯಾಪ್‌ಟಾಪ್ ದೊಡ್ಡದಿತ್ತು, ಭಾರವೂ ಇತ್ತು. ಇನ್ನೇನು ಮುಗಿಯಿತು ಎಂದು ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತಿರುವಾಗ ಮಾಮಾ ಕೇಳಿದರು.

“ಇದರ ಅಳಸೋ ಬಟನ್ ಎರಡೂ ಕಿತ್ತು ಕೊಡ್ತೀರೇನ್ರಿ?”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ.

“ಕಿತ್ರ ವಾರಂಟಿ ಹೋಗ್ತೈತ್ರಿ ಸಾಹೇಬ್ರ.”

“ಬಿಟ್ರ ಬಳಗ ಹೋಗ್ತೈತಪಾ” ಎಂದು ಮಾಮಾ ಎದ್ದುಬಿಟ್ಟರು.

ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. “ಮಂದಿ ಮುಂದ ನನ್ನ ಮಾನ ಕಳದ್ರಿ ಮಾಮಾ. ನಿಮ್ಮ ತಲ್ಯಾಗೂ ಎರಡು ಬಟನ್ ಕಮ್ಮಿ ಅದಾವ” ಎಂದೆ. ದೊಡ್ಡವರಿಗೆ ಆಡುವ ಮಾತಲ್ಲ ಅದು. ಅವರು ಇಳಿಯುವವರೆಗೂ ಕಿಟಕಿಯ ಆಚೆ ನೋಡುತ್ತ ಕುಳಿತರು.

ಮರುವಾರ ಡೆಸ್ಕ್‌ಟಾಪ್ ಪೂರ್ತಿ ಕಣ್ಣು ಮುಚ್ಚಿತು. ನಾನು ಯಾರನ್ನೂ ಕೇಳದೆ ಸಿಂದಗಿಯಲ್ಲಿ ಒಂದು ಲ್ಯಾಪ್‌ಟಾಪ್ ಕೊಂಡೆ. ರಿಪೇರಿಗೆ ತಂದಿದ್ದ ಹಳೆಯ ಡಬ್ಬಿಯಿಂದ ಪಟ್ಟಿಯನ್ನೆಲ್ಲ ಅದಕ್ಕೆ ಹಾಕಿಸಿ, ಹಿರಿಯರು ಸೇರುವ ಭಾನುವಾರ ಬೆಳಿಗ್ಗೆ ಇಂಡಿಗೆ ಒಯ್ದೆ. ಮಾಮಾ ಅದನ್ನು ನೋಡಿದರು. ಒಂದು ಬೆರಳಿನಿಂದ ಡಿಲೀಟ್ ಬಟನ್ ಮುಟ್ಟಿ, ಹೊರಗಿನ ಕಟ್ಟೆಗೆ ಹೋಗಿ ಕುಳಿತರು.

ಅತ್ತೆ ದೇವರ ಜಗುಲಿಯಿಂದ ವಿಭೂತಿಯ ಹಳೇ ಡಬ್ಬಿ ತಂದು ನನ್ನ ಅಂಗೈ ಮೇಲೆ ಬೋರಲು ಹಾಕಿದರು. ಎರಡು ಬಟನ್ ಬಿದ್ದವು. ಮುರಿದಿರಲಿಲ್ಲ, ಸವೆದಿರಲಿಲ್ಲ.

“ನಿನ್ನ ಲಗ್ನ ಆದ ವರ್ಷ ಇಲ್ಲೇ ಕುಂತು ನಿಮ್ಮ ದೊಡ್ಡಮಾವ ‘ಸುನಂದಾನ ಹೆಸರು ತಗಿ’ ಅಂದ್ರು” ಎಂದರು ಅತ್ತೆ. “ಇವರು ‘ಮೊದಲ ಚಾ ಕುಡದು ಬರ್ರಿ’ ಅಂತ ಎಲ್ಲಾರನ್ನೂ ಒಳಗ ಕಳಿಸಿದ್ರು. ಅವರು ಬರೂದ್ರಾಗ ನನ್ನ ಅಡಕಿ ಕತ್ತರಿಲೆ ಎರಡೂ ಕಿತ್ತು ಕಿಸೇದಾಗ ಹಾಕ್ಕೊಂಡಿದ್ರು. ಅಣ್ಣನ ಮುಂದ ನಿಂತು ‘ತಗಿಯಂಗಿಲ್ಲ’ ಅನ್ನೂ ಧೈರ್ಯ ಅವರಿಗೆಲ್ಲಿಂದ ಬರಬೇಕು?”

ನನಗೆ ಬಸ್ಸಿನಲ್ಲಿ ಆಡಿದ ಮಾತು ನೆನಪಾಯಿತು. ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು. ಹನ್ನೆರಡು ವರ್ಷ ಯಾರ ಮನಸ್ಸನ್ನೋ ಹೊಗಳಿದೆ. ನಗಲು ಮಾತ್ರ ಈ ಮನುಷ್ಯ ಬೇಕಾಗಿತ್ತು ನನಗೆ.

“ಅತ್ತಿ, ಆ ಅಡಕಿ ಕತ್ತರಿ ಇನ್ನೂ ಐತೇನು?” ಎಂದು ಕೇಳಿದೆ.

ಹೊಸ ಲ್ಯಾಪ್‌ಟಾಪಿನ ವಾರಂಟಿ ಐದು ನಿಮಿಷದಲ್ಲಿ ಮುಗಿಯಿತು. ಹೊತ್ತೇರಿದ ಮೇಲೆ ಹಿರಿಯರು ಬಂದರು, ಸಣ್ಣ ಪರದೆಯನ್ನು ಬೈದುಕೊಳ್ಳುತ್ತ ಒಬ್ಬರ ಹೆಗಲ ಮೇಲೊಬ್ಬರು ಬಾಗಿ ಓದತೊಡಗಿದರು. ಮಾಮಾ ಹಣೆ ಒರೆಸಿಕೊಳ್ಳುತ್ತ ಒಂದೊಂದೇ ಹೆಸರು ತೋರಿಸುತ್ತ ಪಟ್ಟಿ ಸರಿಸುತ್ತಿದ್ದರು. ದೊಡ್ಡಮಾವನ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು ಕೀಲಿಮಣೆಯ ಎರಡು ತೂತು ನೋಡಿದರು, ಆಮೇಲೆ ತಮ್ಮನ ಮುಖ ನೋಡಿದರು.

“ಹೊಸಾದಕ್ಕೂ ಹಿಂಗ ಆತೇನು?”

“ಹೌದಣ್ಣಾ. ಬರೂವಾಗನ ಹಂಗ ಬಂದೈತಿ” ಎಂದರು ಮಾಮಾ. ಅಣ್ಣನ ಮುಖ ನೋಡಿ ಸುಳ್ಳು ಹೇಳಿ ರೂಢಿಯಿಲ್ಲದ ಧ್ವನಿ ಅದು.

ದೊಡ್ಡಮಾವ ಬೆರಳನ್ನು ಪರದೆಯಿಂದ ತೆಗೆದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ತಿರುಗಿ ನನ್ನ ಮುಖ ನೋಡಿದರು.

“ಹಾಕೂ ಬಟನ್ ಅರ ನೆಟ್ಟಗದಾವಿಲ್ಲೋ?” ಎಂದು ತಮ್ಮನನ್ನು ಕೇಳಿದರು. “ಹಂಗಾದ್ರ ಮಾಸ್ತರ ಹೆಸರಿನ ಮುಂದ ಶ್ರೀ ಹಾಕು. ಇಷ್ಟ್ ವರ್ಷ ಬಿಟ್ಟು ಹೋಗೈತಿ.”

ಮಾಮಾ ಖಾರ ಕುಟ್ಟುವ ಬೆರಳಿನಿಂದ ಆ ಒಂದು ಅಕ್ಷರವನ್ನು ಬಹಳ ಮೆಲ್ಲಗೆ ಒತ್ತಿದರು.